ಮಳೆನೀರಿಗೆ ಹಾಕಿದ ದುಡ್ಡು ಹುಟ್ಟುವುದಿಲ್ಲ ಎನ್ನುವವರಿಗೆ

"ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ಹುಟ್ಟುತ್ತೆ?" ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ನಿವಾಸಿಗಳ ಸಂಘದಲ್ಲಿ ಮಳೆನೀರು ಕೊಯ್ಲಿನ ಮಾತು ಬಂದೊಡನೆ ಏಳುವ ಪ್ರಶ್ನೆ ಇದು. ಪ್ರಶ್ನೆ ನ್ಯಾಯವಾದದ್ದೇ. ಸಂಘದ ದುಡ್ಡು ಎಲ್ಲರ ದುಡ್ಡು, ಲೆಕ್ಕ ಕೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನೂ ಜೇಬಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ. ಐವತ್ತು ವರ್ಷ ಎನ್ನುತ್ತಾರೆ, ಸಭೆ ಮುಂದಿನ ವಿಷಯಕ್ಕೆ ಹೋಗುತ್ತದೆ. ಆ ಐವತ್ತು ವರ್ಷ ಎಲ್ಲಿಂದ ಬಂತು ಎಂದು ಯಾರೂ ಬಿಡಿಸಿ ನೋಡುವುದಿಲ್ಲ. ಇಲ್ಲಿ ಬಿಡಿಸಿ ನೋಡುತ್ತೇನೆ. ಎದುರು ಪಕ್ಷದ ಮಾತು ಸರಿಯಿರುವ ಕಡೆ ಸರಿ ಎಂದೇ ಹೇಳುತ್ತೇನೆ.

ಅವರ ಲೆಕ್ಕ ಹೀಗಿದೆ. 30×40 ಸೈಟಿನ ಮನೆ, ತಾರಸಿ ಸುಮಾರು 1,000 ಚದರಡಿ, ಅಂದರೆ 93 ಚದರ ಮೀಟರ್. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವರ್ಷದ ಮಳೆ ಸರಾಸರಿ 970 ಮಿ.ಮೀ. ಆಸುಪಾಸು. ಚೆಲ್ಲಿದ್ದು, ಆರಿದ್ದು, ಮೊದಲ ಮಳೆಯ ಕೊಳೆನೀರು ಎಂದು ಐದರಲ್ಲಿ ಒಂದು ಪಾಲು ಕಳೆದರೆ ಉಳಿಯುವುದು 72 ಸಾವಿರ ಲೀಟರ್. ಜಲಮಂಡಳಿಯ ಮೊದಲ ಹಂತದ ದರ, 2025ರ ಏಪ್ರಿಲ್ ಏರಿಕೆಯನ್ನೂ ಸೇರಿಸಿ, ಸಾವಿರ ಲೀಟರಿಗೆ 8 ರೂಪಾಯಿ 50 ಪೈಸೆ. ಉಳಿತಾಯ ವರ್ಷಕ್ಕೆ 600 ಚಿಲ್ಲರೆ. ಪೈಪು, ಫಿಲ್ಟರು, ಪ್ಲಂಬರ್ ಕೂಲಿ ಸೇರಿ 30 ಸಾವಿರ ಖರ್ಚಾದರೆ ಅಸಲು ಕೈಸೇರಲು ಹತ್ತಿರ ಹತ್ತಿರ ಐವತ್ತು ವರ್ಷ.

ಕೂಡಿ ಕಳೆದದ್ದರಲ್ಲಿ ತಪ್ಪಿಲ್ಲ. ಮಳೆನೀರು ಯಾವ ನೀರಿನ ಬದಲಿಗೆ ಬರುತ್ತದೆ ಎಂಬುದರಲ್ಲಿ ತಪ್ಪಿದೆ.

ಜಲಮಂಡಳಿ ಎಲ್ಲ ಲೀಟರಿಗೂ ಒಂದೇ ದರ ಹಾಕುವುದಿಲ್ಲ. ತಿಂಗಳಿಗೆ ಮೊದಲ 8 ಸಾವಿರ ಲೀಟರಿಗೆ ಒಂದು ದರ, 25 ಸಾವಿರದವರೆಗೆ ಇನ್ನೊಂದು, 50 ಸಾವಿರದವರೆಗೆ ಮತ್ತೊಂದು. 2014ರಿಂದ ಇದ್ದ ದರ ಸಾವಿರ ಲೀಟರಿಗೆ 7, 11, 26, ಅದರಾಚೆ 45 ರೂಪಾಯಿ. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 0.15 ಪೈಸೆಯಿಂದ 1 ಪೈಸೆವರೆಗೆ ಏರಿಸಿದ ಮೇಲೆ ಅದು 8.50, 15, 34, 55 ಆಯಿತು. ಈಗ ಅದೇ 30×40ರ ಮನೆಯನ್ನು ನಮ್ಮ ಕಡೆ ನಿಜವಾಗಿ ಇರುವಂತೆ ನೋಡಿ. ಕೆಳಗೆ ಮಾಲೀಕರು, ಮೇಲೆರಡು ಮಹಡಿಯಲ್ಲಿ ಬಾಡಿಗೆಯವರು, ಒಟ್ಟು ಹತ್ತು ಜನ, ಒಂದೇ ಮೀಟರ್. ತಲೆಗೆ ದಿನಕ್ಕೆ 135 ಲೀಟರಿನಂತೆ ತಿಂಗಳಿಗೆ 40 ಸಾವಿರ ಲೀಟರ್. ಮಳೆನೀರು ಬಂದಾಗ ಬಿಲ್ಲಿನಲ್ಲಿ ಕಡಿಮೆಯಾಗುವುದು ಮೊದಲ ಲೀಟರಲ್ಲ, ಕೊನೆಯ ಲೀಟರು. ಅಂದರೆ 34 ರೂಪಾಯಿಯ ನೀರು. ಮಳೆಗಾಲದ ಏಳು ತಿಂಗಳು ತಿಂಗಳಿಗೆ 6 ಸಾವಿರ ಲೀಟರ್ ಸಿಕ್ಕಿತು ಎಂದು ಕೈಹಿಡಿದೇ ಲೆಕ್ಕ ಹಾಕಿದರೂ 42 ಸಾವಿರ ಲೀಟರ್, ಸುಮಾರು 1,430 ರೂಪಾಯಿ. ಐವತ್ತು ವರ್ಷ ಇಪ್ಪತ್ತೊಂದಕ್ಕೆ ಇಳಿಯಿತು.

ಇಪ್ಪತ್ತೊಂದೂ ದೀರ್ಘವೇ, ಒಪ್ಪುತ್ತೇನೆ. ಈಗ ಇದೇ ಮನೆಯನ್ನು ಜಯನಗರದಿಂದ ಎತ್ತಿ ಬನಶಂಕರಿ 6ನೇ ಹಂತಕ್ಕೋ ಜೆ.ಪಿ. ನಗರದ 8ನೇ ಹಂತಕ್ಕೋ ಒಯ್ಯಿರಿ. ಅಲ್ಲಿ ಎಷ್ಟೋ ಬೀದಿಗಳ ಜನ ಬೋರ್‌ವೆಲ್ ನೀರಿಗೂ ಟ್ಯಾಂಕರಿಗೂ ಕಾದು ಬದುಕಿದ್ದಾರೆ. 2024ರ ಬೇಸಿಗೆಯಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ದರಕ್ಕೆ ಮಿತಿ ಹಾಕಿದಾಗ 5 ಕಿಲೋಮೀಟರ್ ಒಳಗಿನ 6 ಸಾವಿರ ಲೀಟರಿನ ಟ್ಯಾಂಕರಿಗೆ 600 ರೂಪಾಯಿ, 12 ಸಾವಿರ ಲೀಟರಿಗೆ 1,000 ರೂಪಾಯಿ ಗೊತ್ತುಮಾಡಿತು. ಅದಕ್ಕೆ ಮುಂಚೆ ಕೆಲವು ಕಡೆ ಇದರ ಎರಡು ಪಟ್ಟು ಕೇಳುತ್ತಿದ್ದರು. ಆ ಕಟ್ಟುಪಾಡಿನ ದರವನ್ನೇ ಹಿಡಿದರೂ ಸಾವಿರ ಲೀಟರಿಗೆ 100 ರೂಪಾಯಿ. 42 ಸಾವಿರ ಲೀಟರಿಗೆ 4,200. ಅಸಲು ಏಳು ವರ್ಷಕ್ಕೆ ಬಂತು. ಅದೇ ತಾರಸಿ, ಅದೇ ಪೈಪು, ಅದೇ ಮಳೆ: ಒಬ್ಬರಿಗೆ ಐವತ್ತು, ಇನ್ನೊಬ್ಬರಿಗೆ ಇಪ್ಪತ್ತೊಂದು, ಮತ್ತೊಬ್ಬರಿಗೆ ಏಳು. ಜಯನಗರ 4ನೇ ಬ್ಲಾಕಿನ ನಲ್ಲಿಯ ಮುಂದೆ ಕೂತು ಮಾಡಿದ ಲೆಕ್ಕವನ್ನು ಇಡೀ ದಕ್ಷಿಣ ಬೆಂಗಳೂರಿಗೆ ಹಚ್ಚುತ್ತಿದ್ದಾರೆ. ನನ್ನ ತಕರಾರು ಇರುವುದು ಅಲ್ಲಿ.

ಕಾವೇರಿ ದರದ ಬಗ್ಗೆಯೂ ಒಂದು ಮಾತು. ಈ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬರುತ್ತದೆ. ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ ಸುಮಾರು 500 ಮೀಟರ್ ಎತ್ತರಕ್ಕೆ ಹತ್ತಿಸಬೇಕು. ಮಂಡಳಿಯ ಖರ್ಚಿನಲ್ಲಿ ಕರೆಂಟಿನದೇ ದೊಡ್ಡ ಪಾಲು. 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು, ಆಮೇಲೆ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿಯ ಮೊದಲ ಹಂತ, 2024ರ ಅಕ್ಟೋಬರ್‌ನಲ್ಲಿ ದಿನಕ್ಕೆ 775 ದಶಲಕ್ಷ ಲೀಟರಿನ ಐದನೇ ಹಂತ. ಊರು ಬೆಳೆದಂತೆ ಪೈಪೂ ಉದ್ದವಾಯಿತು. ಹನ್ನೊಂದು ವರ್ಷ ನೀರಿನ ದರ ಏರಲಿಲ್ಲ, ಮುಂದೆಯೂ ಏರದು ಎಂದು ಎದುರು ಪಕ್ಷದವರು ಅಂದುಕೊಂಡಿದ್ದಾರೆ. ಆ ಹನ್ನೊಂದು ವರ್ಷ ಮುಗಿದಿದೆ. ಇನ್ನು ಪ್ರತಿ ಏಪ್ರಿಲ್‌ನಲ್ಲಿ ಶೇ. 3ರಷ್ಟು ಏರಿಸುವುದಾಗಿ 2025ರಲ್ಲೇ ಹೇಳಿಯಾಗಿದೆ.

ಎರಡನೇ ಆಕ್ಷೇಪ ಕೇಳಲು ಬಲವಾಗಿದೆ: "ಸಂಪೇ ಆರು ಸಾವಿರ ಲೀಟರಿಂದು. ತುಂಬಿದ ಮೇಲೆ ಮಳೆ ಬಂದ್ರೆಷ್ಟು, ಬಿಟ್ರೆಷ್ಟು?"

ಆರು ಸಾವಿರದ ಸಂಪು ವರ್ಷಕ್ಕೆ ಆರು ಸಾವಿರ ಲೀಟರ್ ಮಾತ್ರ ಹಿಡಿಯುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿದೆ. ಸಂಪು ತುಂಬುತ್ತದೆ, ಬಳಸುತ್ತೇವೆ, ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಹತ್ತು ಜನರ ಆ ಮನೆಯಲ್ಲಿ ದಿನಕ್ಕೆ 1,350 ಲೀಟರ್ ಖರ್ಚು. ಒಂದು ಒಳ್ಳೆಯ ಮಳೆ, 20 ಮಿ.ಮೀ. ಎನ್ನಿ, ಆ ತಾರಸಿಯಿಂದ 1,500 ಲೀಟರ್ ಕೊಡುತ್ತದೆ. ಮರುದಿನ ಸಂಜೆಗೆ ಅದು ಮುಗಿದು ಹೋಗಿರುತ್ತದೆ. ಮಳೆಗಾಲದಲ್ಲಿ ಸಂಪನ್ನು ಕಂಠಮಟ್ಟ ತುಂಬಿಸದೆ 3 ಸಾವಿರ ಲೀಟರ್ ಜಾಗ ಬಿಟ್ಟುಕೊಂಡರೆ ಸಾಕು, ಆ ಜಾಗ ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ತುಂಬಿ ಬರಿದಾಗಬಹುದು. ಇದಕ್ಕೆ ಹೊಸ ಟ್ಯಾಂಕು ಕಟ್ಟಿಸಬೇಕಿಲ್ಲ. ಕಾವೇರಿ ನೀರು ಒಳಬರುವ ಬಾಲ್ ವಾಲ್ವಿನ ಕಡ್ಡಿಯನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಿದರೆ ಮುಗಿಯಿತು.

ಟ್ಯಾಂಕು ದೊಡ್ಡದಾದಷ್ಟೂ ಲಾಭ ಹೆಚ್ಚು ಎಂದು ನಮ್ಮವರು ಹೇಳುವುದನ್ನೂ ಇದೇ ಲೆಕ್ಕದಿಂದ ಅಳೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ಎ.ಆರ್. ಶಿವಕುಮಾರ್ ವಿಜಯನಗರದಲ್ಲಿ 1995ರಲ್ಲಿ ಕಟ್ಟಿಸಿದ 'ಸೌರಭ' ಎಂಬ ಮನೆ ಜಲಮಂಡಳಿಯ ಸಂಪರ್ಕವಿಲ್ಲದೆ ಮಳೆನೀರಿನಲ್ಲೇ ನಡೆದುಬಂದಿದೆ. ಅವರು ನೂರು ವರ್ಷದ ಮಳೆಯ ದಾಖಲೆ ತೆಗೆದು, ಎರಡು ಒಳ್ಳೆಯ ಮಳೆಗಳ ನಡುವೆ ಹೆಚ್ಚೆಂದರೆ 90–100 ದಿನ ಅಂತರ ಬರುತ್ತದೆ, ಆ ಅಂತರ ದಾಟಲು 45 ಸಾವಿರ ಲೀಟರ್ ಸಂಗ್ರಹ ಬೇಕು ಎಂದು ಲೆಕ್ಕ ಹಾಕಿದರು. ಅದು ನಲ್ಲಿಯೇ ಬೇಡವೆಂದವರ ಲೆಕ್ಕ, ಮನೆ ಕಟ್ಟುವಾಗಲೇ ಹೊಂದಿಸಿಕೊಂಡದ್ದು. ಕಟ್ಟಿ ಮುಗಿದ ಮನೆಯಲ್ಲಿ ಅಷ್ಟಕ್ಕೆ ಕೈ ಹಾಕಿದರೆ ಅಸಲು ಬಹಳ ದೂರ ಹೋಗುತ್ತದೆ. ಮೊದಲ 3 ಸಾವಿರ ಲೀಟರಿನ ಜಾಗ ಇಪ್ಪತ್ತು ಸಲ ತುಂಬಿದರೆ ಕೊನೆಯ 3 ಸಾವಿರದ ಜಾಗ ವರ್ಷಕ್ಕೆ ಒಂದೋ ಎರಡೋ ಸಲ ತುಂಬೀತು. ಖರ್ಚು ಎರಡಕ್ಕೂ ಅಷ್ಟೇ. ಆದ್ದರಿಂದ ಸಂಘಗಳಿಗೆ ನಾನು ಹೇಳುವುದು, ಇರುವ ಸಂಪಿಗೇ ಪೈಪು ತಿರುಗಿಸಿ, ದೊಡ್ಡ ಟ್ಯಾಂಕಿನ ಆಸೆ ಬಿಡಿ.

ಈಗ ಅಪಾರ್ಟ್‌ಮೆಂಟಿನ ಲೆಕ್ಕಕ್ಕೆ ಬರುತ್ತೇನೆ, ಏಕೆಂದರೆ ಸಭೆಗಳಲ್ಲಿ ಸೋಲುತ್ತಿರುವುದು ಈ ಲೆಕ್ಕ. ಟ್ಯಾಂಕರ್ ನಂಬಿಕೊಂಡ ಒಂದು ಮಾದರಿ ಅಪಾರ್ಟ್‌ಮೆಂಟ್ ಇಟ್ಟುಕೊಳ್ಳೋಣ: ಐದು ಅಂತಸ್ತು, 40 ಮನೆ, ಮನೆಗೆ ನಾಲ್ಕು ಜನ, 9,000 ಚದರಡಿ ತಾರಸಿ. ದಿನದ ನೀರು 21,600 ಲೀಟರ್. ತಾರಸಿ 836 ಚದರ ಮೀಟರ್. 20 ಮಿ.ಮೀ. ಮಳೆ ಒಂದು ಸಂಜೆ ಬಿದ್ದರೆ ಐದರಲ್ಲೊಂದು ಪಾಲು ಕಳೆದು 13 ಸಾವಿರ ಲೀಟರಿಗೂ ಮೇಲೆ ಇಳಿಯುತ್ತದೆ. 12 ಸಾವಿರ ಲೀಟರಿನ ಟ್ಯಾಂಕರ್ ಒಂದು ಗೇಟಿನೊಳಗೆ ಬಂದು ನಿಂತಂತೆ. ಡ್ರೈವರಿಗೆ ಫೋನು ಮಾಡಬೇಕಿಲ್ಲ, ರಾತ್ರಿ ಹನ್ನೊಂದಕ್ಕೆ ವಾಚ್‌ಮನ್‌ನನ್ನು ಎಬ್ಬಿಸಬೇಕಿಲ್ಲ. ಇಷ್ಟು ಜನ ಬಳಸುವ ಕಡೆ ಸಂಪಿನಲ್ಲಿ ಜಾಗವಿಲ್ಲ ಎಂಬ ಮಾತೇ ಅಷ್ಟಾಗಿ ಏಳುವುದಿಲ್ಲ. ಅಷ್ಟು ನೀರು ಮರುದಿನ ಮಧ್ಯಾಹ್ನದೊಳಗೆ ಖರ್ಚಾಗಿರುತ್ತದೆ.

ವರ್ಷಕ್ಕೆ ಆ ತಾರಸಿಯಿಂದ 6 ಲಕ್ಷ 49 ಸಾವಿರ ಲೀಟರ್. ಅಂದರೆ 54 ಟ್ಯಾಂಕರ್. ಒಂದೇ ರಾತ್ರಿ ಸುರಿದು ಹರಿದು ಹೋದದ್ದು, ಫಿಲ್ಟರ್ ಕಟ್ಟಿಕೊಂಡು ಹೊರಚೆಲ್ಲಿದ್ದು ಎಲ್ಲ ಕಳೆದು 40 ಟ್ಯಾಂಕರ್ ಎನ್ನೋಣ. ಟ್ಯಾಂಕರಿಗೆ 1,000 ರೂಪಾಯಿಯಂತೆ 40 ಸಾವಿರ. ತೊಳೆಯುವ ಕೂಲಿ, ಸಣ್ಣಪುಟ್ಟ ರಿಪೇರಿಗೆ ವರ್ಷಕ್ಕೆ 5 ಸಾವಿರ ತೆಗೆದಿಡಿ. ನಿವ್ವಳ 35 ಸಾವಿರ. ತಾರಸಿಯ ಕೊಳವೆಗಳನ್ನೆಲ್ಲ ಒಂದೆಡೆ ಸೇರಿಸಿ, ಫಿಲ್ಟರ್ ಕೂರಿಸಿ ಸಂಪಿಗೆ ತರಲು 1 ಲಕ್ಷ 80 ಸಾವಿರ ಹಿಡಿದರೆ ಅಸಲು ಐದು ವರ್ಷ ಎರಡು ತಿಂಗಳಿಗೆ. ಮನೆಗೆ 4,500 ರೂಪಾಯಿ ವಂತಿಗೆ.

"ಅದೇ ದುಡ್ಡು ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಬರುತ್ತಲ್ಲ?" ಒಳ್ಳೆಯ ಪ್ರಶ್ನೆ. ಅಸಲು ಬರುವ ವರ್ಷವನ್ನಷ್ಟೇ ಎಣಿಸುವವರು ಬಡ್ಡಿ ಮರೆಯುತ್ತಾರೆ. ಸೇರಿಸಿಯೇ ನೋಡಿ. ಶೇ. 7ರ ಬಡ್ಡಿಯಂತೆ 1 ಲಕ್ಷ 80 ಸಾವಿರ ಮೊದಲ ವರ್ಷದ ಕೊನೆಗೆ 1 ಲಕ್ಷ 92 ಸಾವಿರದ 600. ಅದರಲ್ಲಿ 35 ಸಾವಿರ ತೀರಿತು, ಉಳಿದದ್ದು 1 ಲಕ್ಷ 57 ಸಾವಿರದ 600. ಅದರ ಮೇಲೆ ಮತ್ತೆ ಬಡ್ಡಿ, ಮತ್ತೆ 35 ಸಾವಿರ ಕಡಿತ. ಹೀಗೇ ಇಳಿಸುತ್ತ ಹೋದರೆ ಆರನೇ ವರ್ಷದ ಕೊನೆಗೆ 20 ಸಾವಿರದಷ್ಟು ಉಳಿದಿರುತ್ತದೆ, ಏಳನೇ ವರ್ಷದಲ್ಲಿ ಚುಕ್ತಾ. ಬಡ್ಡಿಯಿಂದ ಆದ ವ್ಯತ್ಯಾಸ ಒಂದೂವರೆ ವರ್ಷದೊಳಗೆ. ಅದೇ ಹಣ ಎಫ್‌ಡಿಯಲ್ಲಿದ್ದರೆ ವರ್ಷಕ್ಕೆ 12,600 ರೂಪಾಯಿ, ಅದಕ್ಕೂ ತೆರಿಗೆ ಬಂದೀತು. ಕೊಡದೆ ಉಳಿದ ಟ್ಯಾಂಕರ್ ದುಡ್ಡಿಗೆ ತೆರಿಗೆ ಇಲ್ಲ. ಟ್ಯಾಂಕರ್ ದರ ಇನ್ನು ಏಳು ವರ್ಷ 1,000 ರೂಪಾಯಿಯಲ್ಲೇ ನಿಂತಿರುತ್ತದೆ ಎಂದೂ ಇಲ್ಲಿ ಅವರಿಗೇ ಅನುಕೂಲವಾಗುವಂತೆ ಹಿಡಿದಿದ್ದೇನೆ.

ಅವರ ಆಕ್ಷೇಪಗಳಲ್ಲಿ ನಾನು ಅತ್ಯಂತ ಗೌರವದಿಂದ ಕಾಣುವುದು ಮೂರನೆಯದನ್ನು. ಮಳೆ ಬರುವಾಗ ನೀರಿಗೆ ಬರವಿಲ್ಲ, ಬರ ಬಂದಾಗ ಮಳೆಯಿಲ್ಲ, ಫೆಬ್ರವರಿ ಮಾರ್ಚಿನಲ್ಲಿ ನಿಮ್ಮ ಪೈಪು ಒಣಗಿರುತ್ತದೆ ಎನ್ನುತ್ತಾರೆ. ಅರ್ಧ ನಿಜ. ಜನವರಿಯಿಂದ ಮಾರ್ಚ್‌ವರೆಗೆ ಇಲ್ಲಿ ಮಳೆ ಹೆಸರಿಗಷ್ಟೇ. 2023ರ ಮುಂಗಾರು ಕೈಕೊಟ್ಟು 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಹತ್ತಿರ ಅರ್ಧ ಬತ್ತಿದಾಗ ಯಾವ ತಾರಸಿಯೂ ಯಾರನ್ನೂ ಕಾಪಾಡಲಿಲ್ಲ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5 ಸಾವಿರ ದಂಡ ಎಂದು ಜಲಮಂಡಳಿ ಸಾರಿದ ಆ ಮಾರ್ಚಿನ ತಿಂಗಳಲ್ಲಿ ಮಳೆನೀರು ಕೊಯ್ಲಿನ ಪೈಪಿನ ಬೆಲೆ ಸೊನ್ನೆ. ಇದನ್ನು ಮುಚ್ಚಿಟ್ಟು ಮಾತಾಡುವವರಿಂದ ನಮ್ಮ ಪಕ್ಷಕ್ಕೆ ನಷ್ಟವೇ ಹೆಚ್ಚು.

ಆದರೆ ಉಳಿದರ್ಧವನ್ನೂ ನೋಡಬೇಕು. ಬೆಂಗಳೂರಿನ ಮಳೆ ಮುಂಬಯಿಯ ಮಳೆಯಂತೆ ಮೂರು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದಲ್ಲ. ಭರಣಿಯಲ್ಲಿ ಗುಡುಗಿಕೊಂಡು ಶುರುವಾಗಿ ಹಸ್ತ, ಚಿತ್ತ, ಸ್ವಾತಿಯವರೆಗೆ ಬಿಟ್ಟು ಬಿಟ್ಟು ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಜೋರು. ಮೇ ತಿಂಗಳಲ್ಲೇ ಸರಾಸರಿ 100 ಮಿ.ಮೀ. ಮೀರುತ್ತದೆ. ಬೋರ್‌ವೆಲ್ ಕೆಳಗಿಳಿದು ಟ್ಯಾಂಕರ್ ಇನ್ನೂ ಬರುತ್ತಲೇ ಇರುವ ತಿಂಗಳು ಅದು. ನಮ್ಮ ಮಾದರಿ ತಾರಸಿಗೆ ಆ ತಿಂಗಳೊಂದರಲ್ಲೇ ಐದೂವರೆ ಟ್ಯಾಂಕರ್ ನೀರು ಬೀಳುತ್ತದೆ. ಸಂಚಿತ ನೀರಿಗೆ ಅತಿ ಹೆಚ್ಚು ಬೆಲೆಯಿರುವ ತಿಂಗಳೂ ಅದೇ. ಟ್ಯಾಂಕರನ್ನು ಮಾರ್ಚಿಗೆ ಮಾತ್ರ ಕರೆಯುವವರಿಗೆ ಈ ಲೆಕ್ಕ ಹೊಂದದು. ಹನ್ನೆರಡು ತಿಂಗಳೂ ಕರೆಯುವವರಿಗೆ ಹೊಂದುತ್ತದೆ, ಅಂಥವರು ಬನ್ನೇರುಘಟ್ಟ ರಸ್ತೆಯ ಆಚೀಚೆ ಕಡಿಮೆಯಿಲ್ಲ.

ತಾರಸಿ ನೀರು ಕೊಳಕು, ಪಾರಿವಾಳದ ಹಿಕ್ಕೆ, ಹೊಂಗೆ ಎಲೆ ಎಂಬ ಮಾತಿಗೆ ಹೆಚ್ಚು ಹೇಳುವುದಿಲ್ಲ. ಮೊದಲ ಮಳೆಯ ನೀರನ್ನು ವಾಲ್ವ್ ತೆರೆದು ಹೊರಬಿಡಬೇಕು, ಫಿಲ್ಟರಿನ ಜಾಲರಿ ತೆಗೆದು ತೊಳೆಯಬೇಕು, ತಾರಸಿ ಗುಡಿಸಬೇಕು. ಕುಡಿಯಲು ಬೇಡವೆನ್ನುವವರು ಬಟ್ಟೆ, ಪಾತ್ರೆ, ಶೌಚಾಲಯಕ್ಕೆ ಬಳಸಲಿ. ದಿನದ ನೀರಿನಲ್ಲಿ ಅವುಗಳದೇ ದೊಡ್ಡ ಪಾಲು. ಇದನ್ನೆಲ್ಲ ಕಣ್ಣಾರೆ ನೋಡಬೇಕೆಂದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನವೇ ಇದೆ. ಫಿಲ್ಟರುಗಳ ಮಾದರಿಗಳನ್ನು ಅಲ್ಲಿ ಮುಟ್ಟಿ ನೋಡಬಹುದು.

ಜನರ ನಂಬಿಕೆ ಕೆಟ್ಟಿರುವುದಕ್ಕೆ ಬೇರೆ ಕಾರಣವಿದೆ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು 60×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೆಯ ಮನೆಗಳಿಗೂ 30×40ರಿಂದ ಮೇಲಿನ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ ಮಾಡಿದರು. ತಪ್ಪಿದವರ ಬಿಲ್ಲಿಗೆ ದಂಡ ಸೇರತೊಡಗಿತು. ಎಷ್ಟೋ ಮಾಲೀಕರು ದಂಡ ತಪ್ಪಿಸಿಕೊಳ್ಳುವಷ್ಟು ಮಾತ್ರ ಮಾಡಿದರು. ನಮ್ಮ ಬೀದಿಗಳಲ್ಲಿ ನಡೆಯುತ್ತ ಗೋಡೆಗಳನ್ನು ಗಮನಿಸಿ. ತಾರಸಿಯಿಂದ ನಾಲ್ಕಿಂಚಿನ ಬೂದು ಬಣ್ಣದ ಪಿವಿಸಿ ಪೈಪು ಇಳಿದು, ನೀಲಿ ಫಿಲ್ಟರ್ ಡಬ್ಬಿಗೆ ಸೇರಿ, ಡಬ್ಬಿಯಿಂದ ಹೊರಟ ಪೈಪು ಸಂಪಿನ ಮುಚ್ಚಳದ ಪಕ್ಕದಲ್ಲೇ ಹಾದು ಮೋರಿಗೆ ಬಾಯಿ ಇಟ್ಟಿರುತ್ತದೆ. ಸಂಪಿಗೆ ಬೇಕಿದ್ದದ್ದು ಇನ್ನೊಂದು ಎಲ್ಬೋ, ಎರಡಡಿ ಪೈಪು. ಅಷ್ಟು ಹಾಕದೆ ಬಿಟ್ಟವರ ಮನೆಯಲ್ಲಿ ದುಡ್ಡು ಹುಟ್ಟಲಿಲ್ಲ ಎಂದರೆ ತಪ್ಪು ಮಳೆಯದಲ್ಲ.

ಈ ದಂಡದ ವಿಷಯದಲ್ಲಿ ನಮ್ಮ ಪಕ್ಷದವರ ಒಂದು ಚಾಳಿಯನ್ನೂ ಒಪ್ಪಲಾರೆ. ತಪ್ಪಿದ ದಂಡವನ್ನೂ ಉಳಿತಾಯದ ಕಾಲಮ್ಮಿಗೆ ಸೇರಿಸಿ "ನೋಡಿ, ಮೂರೇ ವರ್ಷ" ಎಂದು ತೋರಿಸುತ್ತಾರೆ. ದಂಡ ಸರ್ಕಾರದ ಒಂದು ಆದೇಶದಿಂದ ಬರುತ್ತದೆ, ಇನ್ನೊಂದು ಆದೇಶದಿಂದ ಹೋಗುತ್ತದೆ. ಅದರಿಂದ ಒಂದು ಬಿಂದಿಗೆ ನೀರೂ ಸಿಕ್ಕುವುದಿಲ್ಲ. ಮೇಲಿನ ಯಾವ ಲೆಕ್ಕದಲ್ಲೂ ಅದನ್ನು ನಾನು ಸೇರಿಸಿಲ್ಲ.

ಇಂಗುಬಾವಿಯ ವಿಷಯವನ್ನೂ ಬೇರೆಯಾಗಿ ಇಡಬೇಕು. "ನಮ್ಮ ದುಡ್ಡಿನಲ್ಲಿ ಬಾವಿ ತೋಡಿದರೆ ನೀರು ಪಕ್ಕದ ಮನೆಯವರ ಬೋರಿಗೆ ಹೋಗುತ್ತೆ" ಎನ್ನುತ್ತಾರೆ. ಹೋಗಬಹುದು. ಇಲ್ಲಿ ಮೇಲೆ ಮಣ್ಣು, ಸವೆದ ಬಂಡೆ, ಕೆಳಗೆ ಗಟ್ಟಿ ಕಲ್ಲು. ಇಪ್ಪತ್ತು ಅಡಿಯ ಇಂಗುಬಾವಿಯಿಂದ ಇಳಿದ ನೀರು ಮೊದಲು ಸೇರುವುದು ಮೇಲಿನ ಪದರಕ್ಕೆ. ಅದು ಸಾವಿರ ಅಡಿಯ ಬೋರ್‌ವೆಲ್‌ನ ಬಿರುಕಿಗೆ ಯಾವಾಗ ತಲುಪೀತು, ತಲುಪೀತೋ ಇಲ್ಲವೋ, ಯಾರೂ ಖಾತ್ರಿ ಕೊಡಲಾರರು. ಆದ್ದರಿಂದ ಇಂಗುಬಾವಿಯ ಖರ್ಚಿಗೆ ಇಷ್ಟು ವರ್ಷ ಎಂದು ನಾನು ಬರೆದುಕೊಡುವುದಿಲ್ಲ, ಬರೆದುಕೊಡುವ ಗುತ್ತಿಗೆದಾರನನ್ನು ನಂಬಬೇಡಿ ಎಂದೂ ಹೇಳುತ್ತೇನೆ. ಆದರೂ ತೋಡಿಸಿ ಎನ್ನುತ್ತೇನೆ. ಕಬ್ಬನ್ ಪಾರ್ಕಿನ ಹಳೆಯ ತೆರೆದ ಬಾವಿಗಳ ಹೂಳೆತ್ತಿ, ಸುತ್ತ ಇಂಗುಬಾವಿ ತೋಡಿದ ಮೇಲೆ ಆ ಬಾವಿಗಳಲ್ಲಿ ನೀರು ನಿಂತಿತು. ತಲೆತಲಾಂತರದಿಂದ ಬಾವಿ ತೋಡುತ್ತ ಬಂದ ಮಣ್ಣುವಡ್ಡರು ಈ ಊರಿನಲ್ಲಿ ಇನ್ನೂ ಇದ್ದಾರೆ, ಕೆಲಸ ಬಲ್ಲವರು. ಪಕ್ಕದ ಮನೆಯ ಲಾಭದ ಬಗ್ಗೆ ಬೇಸರವಿರುವವರಿಗೆ ಒಂದು ಮಾತು ಕೇಳುತ್ತೇನೆ. ಇಪ್ಪತ್ತು ವರ್ಷ ನಮ್ಮ ಬೋರ್‌ವೆಲ್ ಮೋಟಾರು ಓಡಿದಾಗ ಮೇಲೆ ಬಂದ ನೀರು ನಮ್ಮ ಕಾಂಪೌಂಡಿನ ಕೆಳಗಿನದು ಮಾತ್ರವೇ? ಆಗ ನೆರೆಯವರ ಪಾಲನ್ನು ಯಾರೂ ಅಳೆದು ಕೊಡಲಿಲ್ಲ. ಈಗ ಒಂದಿಷ್ಟು ಅವರ ಕಡೆ ಹೋದರೆ ಹೋಗಲಿ.

ಕೊನೆಯ ಆಕ್ಷೇಪ ಹಳೆಯ ಜಯನಗರದಲ್ಲಿ ಕೇಳಿಬರುವುದು: ಮಕ್ಕಳು ಅಮೆರಿಕದಲ್ಲಿ, ಇನ್ನೆರಡು ವರ್ಷಕ್ಕೆ ಮನೆ ಬಿಲ್ಡರಿಗೆ ಕೊಡುವವರಿದ್ದೇವೆ, ನಮಗೇಕೆ ಏಳು ವರ್ಷದ ಲೆಕ್ಕ? ಅವರ ಮಾತು ಪೂರ್ತಿ ಸರಿ. ಅಸಲು ಬರುವ ಮೊದಲೇ ಕೆಡವುವ ಮನೆಗೆ ಲಕ್ಷ ಸುರಿಯಬಾರದು. ಸಂಪಿನ ಹತ್ತಿರದ ಒಂದೇ ಒಂದು ಕೊಳವೆಗೆ ಸಣ್ಣ ಫಿಲ್ಟರ್ ಕೂರಿಸಿ, ಕೆಲವೇ ಸಾವಿರದಲ್ಲಿ ಮುಗಿಸಲಿ. ಪೂರ್ತಿ ಕಾವೇರಿ ನೀರಿರುವ, ಇಬ್ಬರೇ ವೃದ್ಧರಿರುವ ಮನೆಗೂ ನನ್ನ ಉತ್ತರ ಅದೇ. ಅಲ್ಲಿ ಐವತ್ತು ವರ್ಷದ ಲೆಕ್ಕ ನಿಜವೇ.

ಉಳಿದವರು ಮುಂದಿನ ಸಭೆಗೆ ಬರುವಾಗ ಮೂರು ಕಾಗದ ತನ್ನಿ. ಹನ್ನೆರಡು ತಿಂಗಳ ಟ್ಯಾಂಕರ್ ರಸೀದಿ, ಹನ್ನೆರಡು ತಿಂಗಳ ನೀರಿನ ಬಿಲ್ಲು, ತಾರಸಿಯ ಅಳತೆ. ರಸೀದಿಗಳನ್ನು ತಿಂಗಳವಾರು ಜೋಡಿಸಿ, ಮೇಯಿಂದ ನವೆಂಬರ್‌ವರೆಗೆ ಎಷ್ಟು ಟ್ಯಾಂಕರ್ ಬಂದಿದೆ ಎಂದು ಮೊದಲು ಎಣಿಸಿ. ಆ ಏಳು ತಿಂಗಳಲ್ಲಿ ಒಂದೂ ಬಂದಿಲ್ಲದಿದ್ದರೆ ಬೇಡ ಎಂದು ಕೈ ಎತ್ತಿ, ನಾನೂ ಎತ್ತುತ್ತೇನೆ. ಇಪ್ಪತ್ತು ಮೂವತ್ತು ಬಂದಿದ್ದರೆ ಪ್ಲಂಬರನ್ನು ಏಪ್ರಿಲ್ ಒಳಗೆ ಕರೆಸಬೇಕು, ಭರಣಿ ಮಳೆ ಶುರುವಾದ ಮೇಲೆ ಅವರು ಸಿಕ್ಕುವುದು ಕಷ್ಟ.